ಓರಗಿತ್ತಿಯ ಎದೆಯ ಪಟ

ಇಲ್ಲ ಡಾಕ್ಟ್ರೇ, ಅವಳನ್ನ ಕರ್ಕೊಂಡು ಬರೋಕಾಗಲ್ಲ ಅಂತ ಆಗಲೇ ಹೇಳಿದ್ನಲ್ಲ! ಕೊಳ್ಳೇಗಾಲದಿಂದ ಯಳಂದೂರು ಏನು ಮಹಾ ದೂರ ಅಂತೀರಿ... ದೂರ ಅಲ್ಲ, ಒಪ್ಕೊಂಡೆ. ನಾನು ಬಂದಿಲ್ವೇ? ಆದ್ರೆ ಜ್ವರದ ಮೈ ಇಟ್ಕೊಂಡು ಆ ಬಸ್ಸಲ್ಲಿ ಕುಲುಕಿಸ್ಕೊಂಡು ಬರೋಕೆ ಅವಳೇನು ಹತ್ತಿ ಮೂಟೆಯೇ? ಅದಕ್ಕೇ ಅವಳ ಬದಲು ಅವಳ ಎದೆಯ ಎಕ್ಸರೇ ಪಟ ತಂದಿದೀನಿ. ಮನುಷ್ಯರಿಗಿಂತ ಪಟ ವಾಸಿ ಸ್ವಾಮಿ. ನರಳಲ್ಲ, ಎದುರು ಮಾತಾಡಲ್ಲ. ತಗೊಳ್ಳಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ.

ಕೂತ್ಕೊಳ್ಳೋದಾ? ಬೇಡ, ಬೇಡ. ನಿಂತೇ ಇರ್ತೀನಿ. ಈ ಮೇಜಿನ ಅಂಚು ಹಿಡ್ಕೊಂಡ್ರೆ ಸಾಕು... ನಿಮ್ಮ ಶಾಪಿನ ಮೆಟ್ಟಿಲು ಬಹಳ ಎತ್ತರ ಕಣ್ರಿ. ಕಾಯಿಲೆಯೋರು ಹತ್ತೋ ಮೆಟ್ಟಿಲನ್ನ ಹಿಂಗಾ ಕಟ್ಟಿಸೋದು? ಅದಕ್ಕೇ ಈ ಏದುಸಿರು. ಒಂದು ಗಳಿಗೆ... ಹಾಂ. ಸರಿಹೋಯ್ತು.

ಹೆಸರಾ? ಯಾರದ್ದು, ನನ್ನದಾ ಅವಳದ್ದಾ? ನಾನು ರುದ್ರಾಣಿ. ಕೊಳ್ಳೇಗಾಲದ ದೇವಾಂಗರ ಬೀದಿ. ನಮ್ಮದು ಬಣ್ಣದ ಮನೆ. ಮಗ್ಗದೋರಿಗೆಲ್ಲ ರೇಷ್ಮೆ ಬೇಯಿಸಿ, ಬಣ್ಣ ಅದ್ದಿ ಕೊಡೋದು. ಕಾಯಿಲೆಯೋಳು ಭಾಗ್ಯಮ್ಮ, ನನ್ನ ಓರಗಿತ್ತಿ. ಮೈದುನನ ಹೆಂಡತಿ. ಚೀಟಿಯಲ್ಲಿ ಅವಳ ಹೆಸರು ಬರ್ಕೊಳ್ಳಿ, ನನ್ನದಲ್ಲ. ಭಾಗ್ಯಮ್ಮ. ಬರೆದ್ರಾ? ಹೆಸರಲ್ಲಾದ್ರೂ ಭಾಗ್ಯ ಇರಲಿ.

ನಮ್ಮೂರಲ್ಲಿ ಡಾಕ್ಟ್ರಿಲ್ವಾ ಅಂತ ತಾನೇ ನಿಮ್ಮ ಮುಖ ಕೇಳ್ತಿರೋದು? ಇದಾರೆ. ಅವರೇ ಮೈಸೂರಿಗೆ ಕಳಿಸಿದ್ದು, ಪಟ ತೆಗೆಸ್ಕೊಂಡು ಬಾ ಅಂತ. ಆಮೇಲೆ ಅವರ ಮೊಗಸಾಲೆಗೆ ಹೋಗೋಕೆ ನನಗೇ ಹೆದರಿಕೆಯಾಯ್ತು. ಅಲ್ಲಿ ಬೆಂಚಿನ ಮೇಲೆ ನಮ್ಮ ಅರ್ಧ ಬೀದಿ ಕೂತಿರ್ತದೆ. ಈ ಸಲದ ಫ್ಲೂ ಜ್ವರ ನಮ್ಮ ಬೀದೀಲಿ ಒಂದು ಮನೆಯನ್ನೂ ಬಿಟ್ಟಿಲ್ವಲ್ಲ. ಮಿಕ್ಕೋರಿಗೆ ಬಂತು, ಹೋಯ್ತು. ಅವಳಿಗೆ ಮಾತ್ರ ಬಂದು ಮನೆ ಮಾಡ್ಕೊಂಡು ಕೂತಿದೆ. ಇನ್ನು ನಿಮ್ಮ ಊರೋ... ನಿಮ್ಮದು ಮೈಸೂರಿನ ಸೀಮೆ, ನಮ್ಮದು ಮದ್ರಾಸಿನ ಸೀಮೆ. ಇಲ್ಲಿ ನನ್ನ ಗುರುತು ಹಿಡಿಯೋರು ಯಾರೂ ಇಲ್ಲ. ಒಂದು ದಿನಕ್ಕೆ ಇಷ್ಟು ಸಾಕು ನನಗೆ.

ಯಾಕಿಷ್ಟು ಗುಟ್ಟು ಅಂದ್ರೆ... ನೀವು ಹೆಣ್ಣು ಹೆತ್ತಿಲ್ಲ ಅಂತ ಕಾಣ್ತದೆ. ನನ್ನ ಮಗಳು ಚೆಲುವಿಗೆ ಹನೂರಿನ ಸಂಬಂಧ ಗೊತ್ತಾಗಿದೆ ಡಾಕ್ಟ್ರೇ. ನಂಜುಂಡಯ್ಯನೋರ ಮನೆ. ಹುಡುಗ ಒಳ್ಳೇವನು, ತಲೆ ಎತ್ತಿ ಮಾತಾಡಲ್ಲ. ಮಾದಪ್ಪನ ಬೆಟ್ಟದಲ್ಲಿ ಹೆಣ್ಣು ನೋಡಿದ್ರು. ಚೆಲುವಿ ಅವಳಪ್ಪನ ಜೊತೆ ಹೋಗಿದ್ಲು. ಹೆಂಗಸರಾದ ನಮ್ಮ ಮುಖ ಅವರಿನ್ನೂ ನೋಡಿಲ್ಲ. ನಾಳಿದ್ದು ವೀಳ್ಯ ಬದಲಾಯಿಸೋಕೆ ಬರ್ತಾರೆ. ಅಲ್ಲೀತನಕ... ಅಲ್ಲೀತನಕ ಈ ಪಟದ ಸುದ್ದಿ ಹನೂರಿಗೆ ಮುಟ್ಟಬಾರದು. ಅಷ್ಟೇ. ಹೋದ ವರ್ಷ ಅವರೇ ಇನ್ನೊಂದು ಹುಡುಗೀನ ಒಪ್ಪಿದ್ರಂತೆ. ಆ ಹುಡುಗಿಯ ಸೋದರಮಾವನ ಎದೆಯ ಪಟ ತೆಗೆಸಿದ್ರು ಅಂತ ಕಿವಿಗೆ ಬಿತ್ತು ನೋಡಿ... ತಟ್ಟೆಯಲ್ಲಿನ ಎಲೆ ಬಾಡೋಕೆ ಮುಂಚೆ ಮುರಿದು ಹೋಯ್ತು. ಪಟ ತೆಗೆಸಿದ್ರು ಅಂದ್ರೆ ಕ್ಷಯ. ಮುಗೀತು. ನಮ್ಮ ಕಡೆ ಇನ್ನೊಂದು ಅರ್ಥ ಇಲ್ಲ ಅದಕ್ಕೆ.

ಅಲ್ಲ ಅಂತ ನನಗೂ ಗೊತ್ತು! ಕ್ಷಯ ಅಲ್ಲ, ಫ್ಲೂ ಜ್ವರ ಎದೆಗಿಳಿದು ನ್ಯುಮೋನಿಯಾ ಆಗಿದೆ ಅಂತ ಮೈಸೂರಿನ ಡಾಕ್ಟ್ರೂ ಹೇಳಿದ್ರು. ಅದನ್ನ ನೀವು ಹನೂರಿಗೆ ಬಂದು ನಮ್ಮ ಬೀಗಿತ್ತಿಗೆ ತಿಳಿಸಿ ಹೇಳ್ತೀರಾ? ಇಲ್ವಲ್ಲ. ಮತ್ತೆ?

ಪಟ ನೋಡಿ ಸ್ವಾಮಿ, ನನ್ನ ಮುಖದಲ್ಲೇನಿದೆ.

ಯಾವುದು? ಓ, ಅದಾ! ಆ ಭುಜದ ಹತ್ತಿರ ದುಂಡಗೆ ಬೆಳ್ಳಗೆ ಎರಡು... ಅದು ರೋಗ ಅಲ್ಲ, ತಾಳಿ! ಅದೊಂದು ದೊಡ್ಡ ಕಥೆ. ಪಟ ತೆಗೆಯೋ ಆ ಮಹಾರಾಯ ಮೈಮೇಲಿನ ಲೋಹ ಎಲ್ಲ ತೆಗೆದಿಡಿ ಅಂದ. ಬಳೆ ತೆಗೆದಳು. ಓಲೆ ತೆಗೆದಳು. ತಾಳೀನೂ ತೆಗೀರಿ ಅಂದ. ಗಂಡ ಅನ್ನಿಸ್ಕೊಂಡೋನು ಹೊರಗಡೆ ಕಲ್ಲುಗುಂಡಿನ ಹಂಗೆ ಬೀಡಿ ಸೇದ್ಕೊಂಡು ಕೂತಿರೋವಾಗ ಇವಳು ತಾಳಿ ಬಿಚ್ಚೋದಾ? ಆಗಲ್ಲ ಅಂದಳು. ಅವನು ಬೈದ. ಇವಳು ಜಗ್ಗಲಿಲ್ಲ. ಕೊನೆಗೆ ತಾಳೀನ ಎದೆಯಿಂದ ಭುಜದ ಕಡೆ ಸರಿಸ್ಕೊಂಡು ನಿಂತಳು. ಎರಡು ಬೊಟ್ಟು ಅಚ್ಚೊತ್ತಿದ ಹಂಗೆ ಬಂದಿವೆ. ಪಕ್ಕದಲ್ಲಿ ಡೊಂಕಾಗಿ ಕಾಣೋದು ಕೊಕ್ಕೆ. ಮಗ್ಗದ ಅಚ್ಚಿನ ಸಂದಿಗೆ ಎಳೆ ಸಿಕ್ಕಿಸೋ ಸಣ್ಣ ಕೊಕ್ಕೆ, ಕಬ್ಬಿಣದ್ದು. ಮಿಕ್ಕ ಹೆಂಗಸರು ತಾಳಿಗೆ ಪಿನ್ನು ಸಿಕ್ಕಿಸ್ಕೋತಾರೆ, ನಮ್ಮ... ಅವಳು ಕೊಕ್ಕೆ ಸಿಕ್ಕಿಸ್ಕೋತಾಳೆ. ಅವಳ ಅಮ್ಮ ಕೊಟ್ಟದ್ದಂತೆ. ತುದಿ ಮುರಿದಿದ್ರೂ ಬಿಸಾಕಲ್ಲ.

ಯಾಕೆ ನಗ್ತೀರಿ? ನಗಲಿಲ್ವಾ? ನಕ್ಕ ಹಂಗೆ ಕಾಣ್ತು. ನಗಿ ಬುಡಿ, ಪರವಾಗಿಲ್ಲ. ಪಟ ಮನೆಗೆ ತಂದಾಗ ನಮ್ಮೋರು ಮಾಡಿದ್ದು ಕೇಳಿದ್ರೆ ಇನ್ನೂ ನಗ್ತೀರಿ. ಹಸಿ ರೇಷ್ಮೆ ಅಂದ್ರೆ ನಿಮಗೆ ಗೊತ್ತಲ್ಲ, ಅಂಟು ಹಿಡ್ಕೊಂಡು ಮಂಕಾಗಿರ್ತದೆ. ಸೋಪು, ಸೋಡ ಹಾಕಿ ಕುದಿಸಿದ್ರೆ ಅಂಟೆಲ್ಲ ಬಿಟ್ಟು ಮಲ್ಲಿಗೆ ಹಂಗೆ ಬೆಳ್ಳಗಾಗ್ತದೆ. ನಮ್ಮ ಮನೇಲಿ ಹುಟ್ಟಿದೋರಿಗೆಲ್ಲ ಕಣ್ಣಲ್ಲಿ ಕೂತಿರೋ ಲೆಕ್ಕ ಅದು. ಬೆಳ್ಳಗಾದ್ರೆ ಕೆಲಸ ಆಯ್ತು. ಮಂಕಿದ್ರೆ ಇನ್ನೂ ಬೇಯಬೇಕು. ಪಟಾನ ಅಂಗಳದಲ್ಲಿ ಬಿಸಿಲಿಗೆ ಹಿಡಿದ್ರು. ಅತ್ತೆ, ಮೈದುನ, ನಮ್ಮೆಜಮಾನ್ರು, ಎಲ್ಲ ಕತ್ತು ಚಾಚ್ಕೊಂಡು. ನಮ್ಮೆಜಮಾನ್ರು ಏನಂದ್ರು ಗೊತ್ತಾ? "ಲೇ, ನೋಡ್ರಲಾ, ತಳದಿಂದ ಎಂಗೆ ಬೆಳ್ಳಗಾಯ್ತಾ ಬಂದದೆ! ಅಂಟು ಬುಡ್ತಾ ಅದೆ ಕಣ್ಲಾ. ಮ್ಯಾಲೆ ಒಸಿ ಕರಿ ಉಳ್ಕಂಡದೆ. ಇನ್ನೊಂದು ಕುದಿ ಬಂದ್ರೆ ಅದೂ ಓಯ್ತದೆ!"

ಇನ್ನೊಂದು ಕುದಿ! ಅತ್ತೆ ಸಕ್ಕರೆ ಹಂಚಿದ್ರು, ಸ್ವಾಮಿ. ಸಕ್ಕರೆ!

ಮೈಸೂರಿನ ಡಾಕ್ಟ್ರು ನನಗೆ ಬೇರೆ ಥರ ಹೇಳಿದ್ರಲ್ಲ. ಕಪ್ಪಗಿರೋದೇ ಗಾಳಿ ಕಣಮ್ಮ, ಬೆಳ್ಳಗಿರೋ ಕಡೆ ಗಾಳಿ ಇಲ್ಲ, ಕಫ ಕಟ್ಟಿ ನೀರು ತುಂಬಿದೆ ಅಂತ. ಒಂದು ಕಡೆ ಮಾತ್ರ ಆಗಿದ್ರೆ ಅಷ್ಟು ಹೆದರ್ತಿರಲಿಲ್ಲ, ಎರಡೂ ಕಡೆ ಹಬ್ಬಿದೆ ಅಂತ. ಇದನ್ನ ಅಂಗಳದಲ್ಲಿ ನಿಂತು ಯಾರಿಗೆ ಹೇಳಲಿ? ಸಕ್ಕರೆ ಬಾಯಲ್ಲಿರೋರಿಗಾ? ನಾನೂ ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡೆ. ರುಚಿ ಹತ್ತಲಿಲ್ಲ. ಈಗ ಯಾವುದೂ ಹತ್ತಲ್ಲ... ಅವಳಿಗೆ ಅಂದೆ. ಯಾವುದೂ ಹತ್ತಲ್ಲ ಅಂತಾಳೆ ಅವಳು.

ಅಲ್ಲ, ಆ ಗಡಿಯಾರ ಯಾಕೆ ತೆಗೆದ್ರಿ? ಹೊತ್ತಾಯ್ತಾ ನಿಮಗೆ? ಹೊರಗೆ ಬೇರೆ ಯಾರೂ ಕಾಯ್ತಿಲ್ವಲ್ಲ. ಇರಲಿ, ಬೇಗ ಮುಗಿಸ್ತೀನಿ.

ಮೈಸೂರಿನೋರು ಪಟ ನೋಡೋದಲ್ಲದೆ ಇನ್ನೂ ಏನೇನೋ ಮಾಡಿಸಿದ್ರು. ಉಸಿರು ಎಣಿಸಿದ್ರು. ಉಗುರು ನೋಡಿದ್ರು, ತುಟಿ ನೋಡಿದ್ರು. ಇವತ್ತು ಯಾವ ವಾರ ಹೇಳು ಅಂದ್ರು. ಮಗುವಿಗೆ ಕೇಳೋ ಹಂಗೆ! ಶುಕ್ರವಾರ ಅಂದಳು. ಬುಧವಾರ ಆಗಿತ್ತು. ಅದಕ್ಕವರು ಮುಖ ಮುಖ ನೋಡ್ಕೊಂಡ್ರು. ನೀವೇ ಹೇಳಿ, ಕುದಿಯೋ ಕೊಪ್ಪರಿಗೆ ಮುಂದೆ ಕೂತೋರಿಗೆ ಬುಧವಾರವೇನು, ಶುಕ್ರವಾರವೇನು? ಆಮೇಲೆ ಒಂದೇ ಉಸಿರಿಗೆ ಎಣಿಸು ಅಂದ್ರು, ಎಷ್ಟಾಗ್ತದೋ ಅಷ್ಟು. ಏಳಕ್ಕೇ ನಿಂತಳು. ಅವಳಿಗೆ ಲೆಕ್ಕ ಬರಲ್ಲ ಸ್ವಾಮಿ ಅಂತ ಹೇಳಿದೆ. ಅವರು ನಗಲಿಲ್ಲ. ಈಗಲೇ ಇಲ್ಲೇ ಸೇರಿಸು, ಹಾಸಿಗೆ ಖಾಲಿ ಇದೆ, ಸೂಜಿ ಶುರು ಮಾಡ್ತೀವಿ, ಗಾಳಿ ಕೊಡ್ತೀವಿ ಅಂದ್ರು. ಗಾಳಿ ಕೊಡ್ತಾರಂತೆ! ಅದಕ್ಕೂ ಕೊಡೋರು ಬೇಕಾಯ್ತಲ್ಲ. ನೀರು ಕುಡ್ಕೊಂಡು ಬರ್ತೀವಿ ಅಂತ ಹೇಳಿ ಪಟ ಎತ್ಕೊಂಡು ಬಂದ್ವಿ.

ಹೌದು, ಓಡಿಬಂದ್ವಿ. ನೀವು ಹಂಗನ್ನೋದಾದ್ರೆ ಹಂಗೇ.

ನನಗೆ ಬೈದು ಏನು ಬಂತು? ಅವಳಿಗೆ ಬೈಯಿರಿ! ಅಂಥ ಮೊಂಡಿ, ಅಂಥ ಹಟಮಾರಿ ಹೆಂಗಸನ್ನ ನಾನು ಕಂಡೇ ಇಲ್ಲ. ಜ್ವರದಲ್ಲಿ ಮೈ ಸುಡ್ತಿದ್ರೂ ಕೊಪ್ಪರಿಗೆ ಬಿಟ್ಟು ಏಳಲಿಲ್ಲ. ಮಲಕ್ಕೊ ಅಂತ ಒಂದು ಪ್ರಾಣಿಯೂ ಹೇಳಲಿಲ್ಲ ಅನ್ನಿ. ಕೆಮ್ಮಿದಾಗ ಏನು ಮಾಡಿದ್ರು ಗೊತ್ತಾ? ಅವಳನ್ನ ಒಳಗೆ ಕರೀಲಿಲ್ಲ. ಒಣಗಿದ ರೇಷ್ಮೆ ನೂಲಿನ ಲಡಿಗಳನ್ನ ಅವಳ ಹತ್ತಿರದಿಂದ ಆಚೆ ಸರಿಸಿದ್ರು! ಎಂಜಲು ಸಿಡಿದು ಕಲೆ ಆದ್ರೆ? ರೇಷ್ಮೆಗೆ ಕಲೆ ಆದ್ರೆ ಹೋಗಲ್ಲ ನೋಡಿ. ಹೆಂಗಸಿನ ಎದೇಲಿ ಏನಾದ್ರೂ ಆಗ್ಲಿ, ಒಳಗಿರ್ತದೆ, ಯಾರಿಗೂ ಕಾಣಲ್ಲ. ಆದ್ರೂ ಅವಳಿಗೆ ಬುದ್ಧಿ ಬೇಡ್ವಾ? ಬುಟ್ಟು ಏಳಬೇಕು ತಾನೇ? ಅವಳು ಏಳಲಿಲ್ಲ ಅಂದ್ರೆ ಪೆದ್ದಿ. ಪೆದ್ದಿ! ನಾನು ಅವಳ ಮುಖಕ್ಕೇ ಹೇಳಿದೀನಿ, ಕನ್ನಡಿ... ಕನ್ನಡೀಲಿ ಮುಖ ನೋಡ್ಕೊ ಹೋಗು ಅಂತ.

ಉಸ್ಸ್... ಇಲ್ಲ, ನೀರು ಬೇಡ.

ಈಗ ಹೇಗಿದಾಳೆ ಅಂದ್ರೆ... ಇದಾಳೆ. ಅವಳಿಗೇನು, ಬೆಳಿಗ್ಗೆ ನಾನು ಹೊರಡೋವಾಗ ಹನೂರಿನೋರ ಒಬ್ಬಟ್ಟಿಗೆ ಅಂತ ಬೇಳೆ ಕೇರ್ತಾ ಕೂತಿದ್ಲು, ಹಾಡು ಬೇರೆ ಹೇಳ್ಕೊಂಡು... ಅಂದ್ರೆ... ಮಲಗಿದ ಕಡೆಯಿಂದಲೇ. ಮೊರ ಹಾಸಿಗೆ ಮೇಲೇ ಇಟ್ಕೊಂಡಿದ್ಲು. ಯಾಕೆ ಹಂಗೆ ನೋಡ್ತೀರಿ? ಹಾಡು ಅಂದ್ರೆ ಹಾಡಲ್ಲ, ಗೊಣಗಾಟ. ಮಾತಿಗೆ ಹಂಗಂದೆ.

ನನ್ನ ಕೈ ಯಾಕೆ ಹಿಡ್ಕೊಂಡ್ರಿ?

ಬಿಡಿ ಡಾಕ್ಟ್ರೇ. ಉಗುರಾ? ಬಣ್ಣ ಅದು. ಬಣ್ಣದೋರ ಕೈ ಇನ್ನು ಹೆಂಗಿರ್ತದೆ, ಬಾಳೆಸುಳಿ ಹಂಗಾ? ನಮ್ಮೋರಲ್ಲಿ ಒಂದು ಕಟ್ಟಲೆ ಇದೆ. ವೀಳ್ಯದ ತಟ್ಟೇಲಿ ಧಾರೆ ಸೀರೆಯ ಮೊದಲನೇ ಲಡಿ ಇಡಬೇಕು, ಅದಕ್ಕೆ ಹೆಣ್ಣಿನ ತಾಯಿಯೇ ಬಣ್ಣ ಅದ್ದಿರಬೇಕು. ಬೇರೆಯೋರು ಕೊಪ್ಪರಿಗೆಯ ಕೋಲು ಕೂಡ ಮುಟ್ಟೋ ಹಂಗಿಲ್ಲ. ನನ್ನ ಅತ್ತೆಗೆ ಅವರ ಅಮ್ಮ ಅದ್ದಿದ್ರು, ನನಗೆ ನಮ್ಮಮ್ಮ. ಈ ವಾರವೆಲ್ಲ ನಾನು ಮಾಡಿದ್ದೇ ಅದು. ಆ ಹೊಗೆ, ಆ ಹಬೆ... ಆದ್ರೆ ಬಣ್ಣ ಹೆಂಗೆ ಬಂದಿದೆ ನೋಡ್ಬೇಕು ನೀವು! ಇಲ್ಲೇ ಚೀಲದಲ್ಲಿದೆ. ಮನೇಲಿ ಬುಟ್ಟು ಬರೋಕೆ ಮನಸ್ಸಾಗಲಿಲ್ಲ. ಇದು, ನೋಡಿ. ಕುಂಕುಮ ಕೆಂಪು. ಕೊಳ್ಳೇಗಾಲದಲ್ಲಿ ಇನ್ನೊಬ್ಬಳು ಈ ಕೆಂಪು ತೆಗೀಲಿ, ನೋಡೋಣ.

ಏನು ಮಾಡ್ತಿದೀರಿ ಹತ್ತೀಲಿ? ಸ್ಪಿರಿಟ್ಟಾ? ತಣ್ಣಗಿದೆ... ಉಜ್ಜಿ, ಉಜ್ಜಿ. ಸುಮ್ಮನೆ ಶ್ರಮ. ಬರ್ತಿದೆಯಲ್ಲ, ಹತ್ತಿಗೆ ಕೆಂಪು ಹತ್ತಿತಲ್ಲ! ನಾನು ಹೇಳಲಿಲ್ವೇ, ಬಣ್ಣ ಅಂತ.

ನೀಲಿ... ಅದೂ ಬಣ್ಣವೇ. ಹಳೇದು. ಹೋದ ತಿಂಗಳು ನೀಲಿ ಅದ್ದಿದ್ವಿ, ಇಲ್ಲ, ಅದಕ್ಕೂ ಹಿಂದಿನ ತಿಂಗಳು. ಉಗುರಿನ ಒಳಗೆ ಇಳಿದುಬಿಟ್ಟಿದೆ. ಉಜ್ಜಿದ್ರೆ ಹೋಗಲ್ಲ. ಬಿಡಿ ಅಂದೆನಲ್ಲ! ಎಷ್ಟು ಉಜ್ಜಿದ್ರೂ ಹೋಗಲ್ಲ ಅದು.

ಮಾತಾಡಿ ಸ್ವಾಮಿ. ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ.

ನಾನು ಕೇಳಿದ್ದು ಒಂದೇ ಮಾತು ಡಾಕ್ಟ್ರೇ. ನಾಳಿದ್ದಿನ ತನಕ... ಆಸ್ಪತ್ರೆ ಇಲ್ದೆ... ತಡೀತಾಳಾ, ಇಲ್ವಾ? ಅಷ್ಟೇ. ಬೀಗರು ಬಂದು ಎಲೆ ಅಡಿಕೆ ಬದಲಾಯಿಸ್ಕೊಂಡು ಹೋಗೋ ತನಕ ಕೆಮ್ಮು ಬರದೇ ಇರೋಕೆ ಒಂದು ಔಷಧಿ. ಅವತ್ತು ಸಾಯಂಕಾಲವೇ... ನಾನೇ ಅವಳನ್ನ ಮೈಸೂರಿಗೆ ಕರ್ಕೊಂಡು ಹೋಗ್ತೀನಿ. ಚೌಡಮ್ಮನ ಆಣೆ. ಒಂದು ಸಲ ವೀಳ್ಯ ಆಗಿಹೋದ್ರೆ... ಅವರು ಅಷ್ಟು ಸುಲಭಕ್ಕೆ ಮುರಿಯಲ್ಲ. ಹತ್ತು ಜನರ ಮುಂದೆ ಆಡಿದ ಮಾತು. ಆಮೇಲೆ ಏನಾದ್ರೂ ಆಗ್ಲಿ. ಆಗ್ಲಿ ಬುಡಿ.

ಮತ್ತೆ ಗಡಿಯಾರ! ಹೊತ್ತು ನೋಡ್ತಿಲ್ಲ ನೀವು... ಅಲ್ವಾ? ಆಗಿನಿಂದ ನೀವು ಹೊತ್ತು ನೋಡ್ತಾ ಇಲ್ಲ. ನನ್ನ ಸೆರಗು ಏಳೋದು ಬೀಳೋದು ನೋಡ್ತಾ ಕೂತಿದೀರಿ. ನನ್ನನ್ನ ಎಣಿಸ್ತಿದೀರಿ!

ನನ್ನನ್ನ ಯಾಕೆ ಎಣಿಸ್ಬೇಕು? ನನಗೇನಾಗಿದೆ? ಬೇಕಾದ್ರೆ ನಾನೇ ಎಣಿಸಿ ತೋರಿಸ್ತೀನಿ, ಒಂದೇ ಉಸಿರಿಗೆ. ಕೇಳಿಸ್ಕೊಳ್ಳಿ. ಒಂದು ಎರಡು ಮೂರು... ನಾಲ್ಕು...

ತಡೀರಿ... ಮೆಟ್ಟಿಲು ಹತ್ತಿದ್ದು ಇನ್ನೂ... ಒಂದು, ಎರಡು...

ಕೆಮ್ಮು... ಅಯ್ಯಮ್ಮಾ... ಇಲ್ಲ, ಹಿಡ್ಕೋಬೇಡಿ, ಬೀಳಲ್ಲ... ಆ ಲಡಿ, ಲಡಿ ಆಚೆ ಇಡಿ! ಎಂಜಲು ಸಿಡಿದೀತು... ಆಚೆ ಇಡಿ ಮೊದಲು...

ಹಾಂ. ಆಯ್ತು. ಹೋಯ್ತು.

ಏನು ನೋಡ್ತಿದೀರಿ? ಸೆರಗು ಜಾರಿದೆ, ಸರಿಮಾಡ್ಕೋತೀನಿ. ಅತ್ತ ತಿರುಗಿ. ಅತ್ತ ತಿರುಗಿ ಅಂದ್ರೆ... ಪಟದ ಕಡೆ ಯಾಕೆ ತಿರುಗಿದ್ರಿ? ಪಟಾನೂ ನೋಡ್ತೀರಿ, ನನ್ನ ಕತ್ತೂ ನೋಡ್ತೀರಿ...

ಕೊಕ್ಕೆ.

ಅಂಥ ಕೊಕ್ಕೆ ನಮ್ಮ ಬೀದೀಲಿ ಎಲ್ಲರ ಹತ್ರ ಇರ್ತವೆ, ಸ್ವಾಮಿ. ಎಲ್ಲರ ಹತ್ರ...

ತುದಿ ಮುರಿದಿರೋದು... ಹಾಂ. ತುದಿ ಮುರಿದಿರೋದು ಒಂದೇ.

ಏನಾದ್ರೂ ಅನ್ನಬಾರ್ದಾ? ಒಂದು ಮಾತು... ಮೈಸೂರಿನೋರು ಎಷ್ಟು ಚೆನ್ನಾಗಿ ಬೈದ್ರು. ಯಾಕೆ ಏಳ್ತಿದೀರಿ? ಎಲ್ಲಿಗೆ?

ಬಸ್ಸಾ? ನನ್ನ ಬಸ್ಸು ಬಂತಾ? ಬರ್ತೀನಿ ಹಂಗಾದ್ರೆ, ಆ ಔಷಧಿ...

ಡಾಕ್ಟ್ರೇ! ಬಾಗಿಲಲ್ಲಿ ನಿಂತು ಆ ಬಸ್ಸಿಗೆ ಯಾಕೆ ಕೈ ಅಡ್ಡ ಹಾಕ್ತಿದೀರಿ? ಅದು ನಮ್ಮೂರ ಬಸ್ಸಲ್ಲ. ಅದು... ಮೈಸೂರಿಗೆ ಹೋಗೋದು. ನನಗೆ ಕೊಳ್ಳೇಗಾಲಕ್ಕೆ... ನಾಳಿದ್ದು ನಮ್ಮನೇಲಿ...

ನಿಲ್ಲಿಸಿಬಿಟ್ರಾ.

ಆಯ್ತು. ಬರ್ತೀನಿ. ಎತ್ತಬೇಡಿ, ನಡೀತೀನಿ... ಸರಿ, ಹಿಡ್ಕೊಳ್ಳಿ. ಒಂದು ಮಾತು... ಮಾತ್ರ. ಈ ಲಡಿ... ಕೊಳ್ಳೇಗಾಲದ ಬಸ್ಸಲ್ಲಿ... ಯಾರ ಕೈಲಾದ್ರೂ. ದೇವಾಂಗರ ಬೀದಿ, ಬಣ್ಣದ ಮನೆ. ಭಾಗ್ಯನ ಕೈಗೆ ಕೊಡಲಿ. ತಟ್ಟೇಲಿ... ಅವಳೇ ಇಡಲಿ. ಹನೂರಿನೋರು ನಮ್ಮ ಮುಖ ನೋಡಿಲ್ಲ... ಹೇಳಿದ್ನಲ್ಲ. ನಾಳಿದ್ದು ಒಂದು ದಿನ ಅವಳು ರುದ್ರಾಣಿ ಆಗಲಿ... ಚೆಲುವಿಯ ಅಮ್ಮ ಆಗಲಿ. ಗುಂಡುಕಲ್ಲಿನ ಹಂಗಿದಾಳೆ, ಕೆಮ್ಮಲ್ಲ.

ಚೀಟೀಲಿ ಹೆಂಗೂ... ಭಾಗ್ಯಮ್ಮ ಅಂತ ಬರೆದಾಗಿದೆ. ಇರಲಿ ಬುಡಿ ಅದು. ಆಸ್ಪತ್ರೇಲೂ... ಅದೇ ಹೆಸರು ಹೇಳ್ತೀನಿ...

ಚೀಟಿ ತಗೊಂಡು ಆ ಹೆಸರು ಯಾಕೆ ಹೊಡೆದುಹಾಕ್ತಿದೀರಿ ಸ್ವಾಮಿ?

ಅದನ್ನ... ಯಾಕೆ ಹೊಡೆದುಹಾಕಿದ್ರಿ?